ಮನೆ, ಕೆಲಸ, ಕಾದಂಬರಿ: ಮೂರನ್ನೂ ಒಟ್ಟಿಗೆ ಸಾಗಿಸುವುದು ಹೇಗೆ

ಕಾದಂಬರಿ ಬರೆಯುವವರು ಸಿಕ್ಕಿದರೆ ಜನ ಕೇಳುವುದು ಎರಡೇ ಪ್ರಶ್ನೆ. ಐಡಿಯಾ ಎಲ್ಲಿಂದ ಬರುತ್ತದೆ? ಇಷ್ಟೆಲ್ಲ ಕೆಲಸದ ನಡುವೆ ಟೈಮ್ ಎಲ್ಲಿ ಸಿಗುತ್ತದೆ? ಎರಡಕ್ಕೂ ನನ್ನ ಉತ್ತರ ಒಂದೇ: ದಿನದ ಕೆಲಸದಲ್ಲೇ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಮೀಟಿಂಗ್ ಮುಗಿದು ಎಲ್ಲರೂ ಕುರ್ಚಿ ಸರಿಸಿ ಏಳುತ್ತಿರುವಾಗ. ಹಾಗಂತ ಸುಮ್ನೆ ಪಾತ್ರೆ ತೊಳೆದರೆ ಕಾದಂಬರಿ ಬರುವುದಿಲ್ಲ. ಅದಕ್ಕೆ ಮೊದಲು ಒಂದು ಸಣ್ಣ ಕೆಲಸ ಮಾಡಿಟ್ಟಿರಬೇಕು. ಅದು ಏನು, ದಿನವೂ ಹೇಗೆ ಮಾಡುವುದು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ರಜೆ ಸಿಗಲಿ, ಮಕ್ಕಳು ದೊಡ್ಡವರಾಗಲಿ, ರಿಟೈರ್ ಆಗಲಿ ಅಂತ ಮೊದಲ ಕಾದಂಬರಿಯನ್ನು ವರ್ಷಗಟ್ಟಲೆ ಮುಂದೂಡುತ್ತಾ ಬಂದಿದ್ದೀರಲ್ಲ, ನಿಮಗಾಗಿಯೇ ಇದು.

ಮೊದಲು ಪ್ರಶ್ನೆ, ಆಮೇಲೆ ಸ್ಫೂರ್ತಿ

ಆನ್ರಿ ಪ್ವಾಂಕರೆ ಅಂತ ಫ್ರಾನ್ಸಿನ ದೊಡ್ಡ ಗಣಿತಜ್ಞ. ತಮಗೆ ಹೊಸ ವಿಚಾರಗಳು ಹೊಳೆಯುವ ಬಗೆಯನ್ನು ಅವರು 1908ರಲ್ಲಿ ವಿವರಿಸಿದರು. ವಾರಗಟ್ಟಲೆ ಒಂದು ಲೆಕ್ಕದ ಜೊತೆ ಗುದ್ದಾಡಿದ್ದರು. ಆಮೇಲೆ ಒಂದು ಪ್ರವಾಸಕ್ಕೆ ಹೋದರು. ಓಡಾಟದಲ್ಲಿ ಗಣಿತ ಮರೆತೇಹೋಗಿತ್ತು. ಒಂದು ಕಡೆ ಗಾಡಿ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟರು, ಅಷ್ಟರಲ್ಲಿ ಬೇಕಾಗಿದ್ದ ಎಳೆ ಥಟ್ಟನೆ ಹೊಳೆಯಿತು. ಜನ ಈ ಕತೆಯಲ್ಲಿ ಮೆಟ್ಟಿಲನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಪ್ವಾಂಕರೆ ಮಾತ್ರ ಇನ್ನೊಂದನ್ನು ಒತ್ತಿ ಹೇಳಿದ್ದರು. ಮೊದಲು ಕೂತು ಕಷ್ಟಪಟ್ಟಿರದಿದ್ದರೆ ಹೀಗೆ ಹೊಳೆಯುವುದೇ ಇಲ್ಲ, ಹೊಳೆದ ಮೇಲೂ ಮತ್ತೆ ಕೂತು ಅದನ್ನು ಒರೆಗೆ ಹಚ್ಚಬೇಕು ಅಂತ. 1926ರಲ್ಲಿ ಗ್ರಹಾಂ ವಾಲಸ್ ಎನ್ನುವ ಇಂಗ್ಲಿಷ್ ಲೇಖಕರು ಇದನ್ನೇ ನಾಲ್ಕು ಹಂತವಾಗಿ ಬಿಡಿಸಿಟ್ಟರು: ತಯಾರಿ, ಕಾವು (ಬದಿಗಿಟ್ಟು ಒಳಗೇ ಮಾಗಲು ಬಿಡುವುದು), ಹೊಳಹು, ಪರೀಕ್ಷೆ.

ಕಾದಂಬರಿಗೂ ಇದು ಹಾಗೇ ಹೊಂದುತ್ತದೆ. ಸ್ಫೂರ್ತಿ ಅಂದರೆ ಉತ್ತರ. ಉತ್ತರ ಬರಬೇಕಾದರೆ ಪ್ರಶ್ನೆ ಮೊದಲೇ ಮನಸ್ಸಿನಲ್ಲಿರಬೇಕು, ಅಲ್ವಾ? ಸ್ಫೂರ್ತಿ ಬರಲಿಲ್ಲ ಎನ್ನುವವರನ್ನು ನಾನು ಕೇಳುವುದು ಇಷ್ಟೇ: ಇವತ್ತು ಬೆಳಿಗ್ಗೆ ಯಾವ ಪ್ರಶ್ನೆ ಇಟ್ಟುಕೊಂಡು ಮನೆಯಿಂದ ಹೊರಟಿರಿ? ಹೆಚ್ಚಿನವರು ಯೋಚನೆಗೆ ಬೀಳುತ್ತಾರೆ. ಅವರ ಹತ್ತಿರ ಕಾದಂಬರಿ ಬರೆಯುವ ಆಸೆ ಇರುತ್ತದೆ, ವಿಷಯವೂ ಇರುತ್ತದೆ, ಪ್ರಶ್ನೆ ಇರುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ದಿನದ ಬರವಣಿಗೆ ಮುಗಿಸಿ ಏಳುವ ಮುಂಚೆ ಒಂದು ಚೀಟಿಯಲ್ಲಿ ಒಂದೇ ಒಂದು ಪ್ರಶ್ನೆ ಬರೆಯಿರಿ. ಚೀಟಿ ಜೇಬಿನಲ್ಲಿರಲಿ, ಇಲ್ಲವೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರಶ್ನೆ ಸಣ್ಣದಿರಬೇಕು. "ಮುಂದೇನಾಗುತ್ತದೆ?" ಅಂತ ಬರೆದರೆ ಪ್ರಯೋಜನವಿಲ್ಲ, ಅದು ತೀರಾ ದೊಡ್ಡದು, ಅದನ್ನು ಇಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಕಿಟಕಿಯ ಹೊರಗೆ ನೋಡುತ್ತಾ ನಿದ್ದೆ ಬರುತ್ತದೆ ಅಷ್ಟೇ. "ಈ ಪಾತ್ರದ ಒಳಮನಸ್ಸು ಎಂಥದ್ದು?" ಎನ್ನುವುದೂ ಬೇಡ. ಬದಲಿಗೆ, "ಅವಳು ಆ ಕಾಗದವನ್ನು ಸುಡದೆ ಬಚ್ಚಿಟ್ಟಿದ್ದಾಳೆ, ಮನೆಯಲ್ಲಿ ಎಲ್ಲಿ ಬಚ್ಚಿಟ್ಟಿದ್ದಾಳೆ?" ಅಂತ ಬರೆಯಿರಿ. ಉತ್ತರವಾಗಿ ಒಂದು ವಸ್ತುವೋ, ಒಂದು ಜಾಗವೋ, ಒಂದು ಕೆಲಸವೋ ಸಿಗುವಂತಿದ್ದರೆ ಅದು ಒಳ್ಳೆಯ ಪ್ರಶ್ನೆ. ಇಂಥದ್ದೊಂದು ತಲೆಯಲ್ಲಿದ್ದರೆ ಬೀರು, ಹಳೇ ಸೂಟ್‌ಕೇಸು, ಪುಸ್ತಕದ ರಟ್ಟು, ನೀವು ದಿನವೂ ಮುಟ್ಟುವ ಎಲ್ಲವೂ ಬೇರೆಯಾಗಿ ಕಾಣಲು ಶುರುವಾಗುತ್ತದೆ. ಆ ದಿನ ಉತ್ತರ ಬಾರದೇ ಇರಬಹುದು. ಪರವಾಗಿಲ್ಲ. ಅದೇ ಚೀಟಿಯನ್ನು ನಾಳೆಯೂ ಇಟ್ಟುಕೊಳ್ಳಿ.

ಜೊತೆಗೆ ಇನ್ನೊಂದು. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1958ರ ಒಂದು ಸಂದರ್ಶನದಲ್ಲಿ ತಮ್ಮ ಅಭ್ಯಾಸ ಹೇಳಿದ್ದರು: ಮುಂದೇನು ಎಂದು ಗೊತ್ತಿರುವಾಗಲೇ ಆ ದಿನಕ್ಕೆ ನಿಲ್ಲಿಸುವುದು. ಅಂದರೆ ಕೈ ಓಡುತ್ತಿರುವಾಗಲೇ ಏಳುವುದು. ಇದು ಕಷ್ಟ. ಬರವಣಿಗೆ ಚೆನ್ನಾಗಿ ಸಾಗುತ್ತಿರುವಾಗ ಯಾರಿಗೆ ಏಳಲು ಮನಸ್ಸಾಗುತ್ತದೆ? ಆದರೆ ಮನೆ, ಕೆಲಸ ಎರಡೂ ಇರುವವರು ಹೇಗೂ ಅರ್ಧಕ್ಕೆ ಏಳಲೇಬೇಕಾಗುತ್ತದೆ. ಯಾರೋ ಬಾಗಿಲು ಬಡಿಯುತ್ತಾರೆ, ಮಗು ಅಳುತ್ತದೆ, ಫೋನ್ ಬರುತ್ತದೆ. ಆಗ ಬೇಜಾರು ಮಾಡಿಕೊಳ್ಳುವ ಬದಲು ಮುಂದಿನ ವಾಕ್ಯದ ಮೊದಲ ಎರಡು ಪದ ಬರೆದು ಎದ್ದುಬಿಡಿ. ಮರುದಿನ ಖಾಲಿ ಪುಟ ನೋಡುತ್ತಾ ಕೂರುವ ಪಾಡು ತಪ್ಪುತ್ತದೆ.

ಟೈಮ್ ಬಗ್ಗೆ ಸ್ವಲ್ಪ ಲೆಕ್ಕ

ದಿನಕ್ಕೆ 300 ಪದ. ವಾರಕ್ಕೆ 5 ದಿನ. ವರ್ಷದಲ್ಲಿ 2 ವಾರ ಹುಷಾರಿಲ್ಲದ್ದಕ್ಕೆ, ನೆಂಟರಿಗೆ ಅಂತ ಬಿಡಿ, 50 ವಾರ ಉಳಿಯಿತು. ಒಟ್ಟು 75,000 ಪದ. ಅಚ್ಚಿನ ಪುಟಕ್ಕೆ 250 ಪದ ಅಂತ ಹಿಡಿದರೆ 300 ಪುಟದ ಕಾದಂಬರಿ. 300 ಪದ ಅಂದರೆ ಕೈಬರಹದಲ್ಲಿ ಒಂದೂವರೆ ಎರಡು ಪುಟ. ಇದನ್ನು ಲೆಕ್ಕ ಹಾಕಿ ನೋಡಿದವರ ಮುಖದಲ್ಲಿ ಒಂದು ಧೈರ್ಯ ಬರುತ್ತದೆ. ಆ ಧೈರ್ಯಕ್ಕಾಗಿಯೇ ಈ ಲೆಕ್ಕ. ಪ್ರತಿದಿನ 300 ಬರಲೇಬೇಕು ಅಂತಲ್ಲ.

ನೌಕರಿ ಮಾಡುತ್ತಲೇ ಬರೆದವರ ಸಾಲು ದೊಡ್ಡದಿದೆ. ಇಂಗ್ಲೆಂಡಿನ ಆಂಥನಿ ಟ್ರೋಲಪ್ ಅಂಚೆ ಇಲಾಖೆಯಲ್ಲಿದ್ದರು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದರು, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಹೀಗೆ 47 ಕಾದಂಬರಿ ಬರೆದರು. ಅವರು ತೀರಿಕೊಂಡ ಮರುವರ್ಷ, 1883ರಲ್ಲಿ, ಆತ್ಮಕತೆ ಹೊರಬಂದು ಈ ಗಡಿಯಾರದ ಗುಟ್ಟು ಗೊತ್ತಾದಾಗ ಕೆಲವರಿಗೆ ಅವರ ಮೇಲಿದ್ದ ಗೌರವವೇ ಕಡಿಮೆಯಾಯಿತು. ಗಡಿಯಾರ ನೋಡಿಕೊಂಡು ಬರೆಯುವವನು ಎಂಥ ಕಲಾವಿದ ಅಂತ. ನನಗೆ ಅವರ ಮೇಲೆ ಪ್ರೀತಿ ಜಾಸ್ತಿಯಾಗುವುದು ಇದೇ ಕಾರಣಕ್ಕೆ. ಆದರೆ ಆ 250 ಪದವನ್ನು ಹಾಗೇ ಅನುಸರಿಸಬೇಡಿ, ಅದು ಅವರ ಕೈವೇಗ. ಕಲಿಯಬೇಕಾದದ್ದು ಬೇರೆ ಇದೆ. ಮೂರು ಗಂಟೆಯ ಬರವಣಿಗೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಅವರು ಹಿಂದಿನ ದಿನ ಬರೆದದ್ದನ್ನು ಓದುವುದಕ್ಕೆ ಇಡುತ್ತಿದ್ದರು, ಪದಗಳು ಕಿವಿಗೆ ಹೇಗೆ ಕೇಳಿಸುತ್ತವೆ ಅಂತ ನೋಡುವುದಕ್ಕೆ. ನಿಮಗೆ ಸಿಗುವುದು ಒಟ್ಟು ಅರ್ಧ ಗಂಟೆಯಾದರೆ ಐದು ನಿಮಿಷ ಓದಿ. ಹಿಂದಿನ ದಿನದ ದನಿ ಮತ್ತೆ ಕಿವಿಗೆ ಬೀಳುತ್ತದೆ. ಓದುವಾಗ ತಿದ್ದಲು ಹೋಗಬೇಡಿ, ಹೋದರೆ ಆ ಅರ್ಧ ಗಂಟೆ ಅಲ್ಲೇ ಮುಗಿಯಿತು.

ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದರು, ಎರಡು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ಮಕ್ಕಳು ಏಳುವ ಮುಂಚೆ, ಇನ್ನೂ ಕತ್ತಲಿರುವಾಗ ಎದ್ದು ಬರೆಯುವ ಅಭ್ಯಾಸ ಶುರುವಾದದ್ದು ಅನಿವಾರ್ಯದಿಂದ. ಮೊದಲ ಕಾದಂಬರಿ ಬಂದದ್ದು 1970ರಲ್ಲಿ, ಆಗ ಅವರಿಗೆ 39 ವರ್ಷ. 1993ರಲ್ಲಿ ನೊಬೆಲ್ ಬಂತು. ಇನ್ನು ಜೇನ್ ಆಸ್ಟಿನ್ ಬರೆಯುತ್ತಿದ್ದದ್ದು ಎಲ್ಲರೂ ಓಡಾಡುವ ಕೋಣೆಯಲ್ಲಿ. ಸಣ್ಣ ಸಣ್ಣ ಹಾಳೆಗಳಲ್ಲಿ ಬರೆಯುತ್ತಿದ್ದರು, ಯಾರಾದರೂ ಬಂದರೆ ಥಟ್ಟನೆ ಮುಚ್ಚಿಡಬಹುದು ಅಂತ. ಅಲ್ಲಿದ್ದ ಒಂದು ಬಾಗಿಲು ಕಿರ್ರೆನ್ನುತ್ತಿತ್ತಂತೆ, ಅದನ್ನು ರಿಪೇರಿ ಮಾಡಿಸುವುದು ಬೇಡ ಎನ್ನುತ್ತಿದ್ದರಂತೆ, ಯಾರೋ ಬರುತ್ತಿದ್ದಾರೆ ಎಂದು ಅದರಿಂದ ಗೊತ್ತಾಗುತ್ತಿತ್ತಲ್ಲ. ಇದನ್ನು ಬರೆದಿಟ್ಟವರು ಅವರ ಅಣ್ಣನ ಮಗ.

ಇವರಲ್ಲಿ ಯಾರಿಗೂ ಒಂದೇ ರೀತಿಯ ದಿನವಿರಲಿಲ್ಲ. ನಿಮ್ಮ ದಿನದಲ್ಲಿ ಬಿರುಕು ಎಲ್ಲಿದೆ ಅಂತ ನೀವೇ ಹುಡುಕಬೇಕು. ಒಂದು ವಾರ ಗಮನಿಸಿ ನೋಡಿ. ಯಾವ ಹೊತ್ತಿನಲ್ಲಿ ನಿಮ್ಮನ್ನು ಯಾರೂ ಕರೆಯುವುದಿಲ್ಲ? ಯಾವ ಹೊತ್ತಿನಲ್ಲಿ ತಲೆ ಸ್ವಲ್ಪ ತಿಳಿಯಾಗಿರುತ್ತದೆ? ಈ ಎರಡೂ ಕೂಡುವ ಇಪ್ಪತ್ತು ನಿಮಿಷ ಸಿಕ್ಕಿದರೆ ಸಾಕು, ಅದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ನಾನು ಬರೆಯುತ್ತೇನೆ ಅಂತ. ಸಂಕೋಚಪಟ್ಟು ಗುಟ್ಟಾಗಿ ಬರೆಯುವವರ ಬರವಣಿಗೆ ಯಾರಿಗೂ ಕೆಲಸವಾಗಿ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ನಡುವೆ ಬಂದು ಕರೆಯುತ್ತಾರೆ. ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಈ ಮಾತು ಹೇಳುತ್ತೇನೆ. ಕೇಳದೆ ಯಾರೂ ನಿಮಗೆ ಆ ಇಪ್ಪತ್ತು ನಿಮಿಷ ಬಿಟ್ಟುಕೊಡುವುದಿಲ್ಲ.

ರಾತ್ರಿಯಿಡೀ ಕೂತು ಒಂದೇ ಉಸಿರಿಗೆ ಬರೆಯುವುದೂ ಉಂಟು. ಪ್ರಾಗ್‌ನ ಕಾರ್ಮಿಕರ ವಿಮಾ ಕಚೇರಿಯಲ್ಲಿದ್ದ ಕಾಫ್ಕಾ 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕೂತು ಬೆಳಗಿನ ಆರಕ್ಕೆ ಒಂದು ಕತೆ ಮುಗಿಸಿ ಎದ್ದರು. ಬರೆಯುವುದೆಂದರೆ ಹೀಗೇ ಅಂತ ಡೈರಿಯಲ್ಲಿ ಸಂಭ್ರಮಪಟ್ಟರು. ಆದರೆ ಅದು ಸಣ್ಣ ಕತೆ. ಅವರು ಕೈಹಾಕಿದ ಮೂರು ಕಾದಂಬರಿಗಳೂ ಮುಗಿಯದೆ ಉಳಿದವು. ಅವು ಅರ್ಧಕ್ಕೆ ನಿಂತರೂ ಎಷ್ಟು ದೊಡ್ಡವು ಅಂತ ಎಲ್ಲರಿಗೂ ಗೊತ್ತು. ನನ್ನ ಮಾತು ಇಷ್ಟೇ, ಒಂದು ರಾತ್ರಿಯ ಆವೇಶ ಇಪ್ಪತ್ತು ಪುಟ ದಾಟಿಸುತ್ತದೆ, ಮುನ್ನೂರು ಪುಟ ದಾಟಿಸುವುದು ಮರುದಿನ ಮತ್ತೆ ಕೂರುವ ಅಭ್ಯಾಸ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ಎಲ್ಲರೂ ನೋಟ್‌ಬುಕ್ ಇಟ್ಟುಕೊಳ್ಳಿ ಅನ್ನುತ್ತಾರೆ, ಅದರಲ್ಲಿ ಏನು ಬರೆಯಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಹೆಚ್ಚಿನ ನೋಟ್‌ಬುಕ್‌ಗಳಲ್ಲಿ ಬರೆಯುವವರ ಅಭಿಪ್ರಾಯಗಳು ತುಂಬಿಕೊಳ್ಳುತ್ತವೆ. ಬದುಕು ಹೀಗೆ, ಜನ ಹೀಗೆ, ಮಳೆ ಸುರಿಯುವಾಗ ಮನಸ್ಸು ಹೀಗೆ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಅದರಲ್ಲಿ ಕಾದಂಬರಿಗೆ ಬರುವ ಒಂದು ಸಾಲೂ ಇರುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ಬರೆಯಿರಿ. ಯಾರು ಏನು ಮಾಡಿದರು, ಕೈಯಲ್ಲಿ ಏನಿತ್ತು, ಯಾವ ಮಾತು ಅರ್ಧಕ್ಕೆ ನಿಂತಿತು. ಅದರಲ್ಲೂ ನಿಮಗೆ ಕಾರಣ ಗೊತ್ತಾಗದ್ದನ್ನು ಬರೆಯಿರಿ.

ನನ್ನದೊಂದು ಟಿಪ್ಪಣಿ ತೋರಿಸುತ್ತೇನೆ.

"ಬ್ಯಾಂಕು. ಅರವತ್ತು ದಾಟಿದ ಗಂಡಸು. ಫಾರಂ ಅರ್ಧ ತುಂಬಿದ, ನಿಲ್ಲಿಸಿದ, ನಾಲ್ಕು ಚೂರು ಮಾಡಿದ. ಪಕ್ಕದಲ್ಲೇ ಕಸದಬುಟ್ಟಿ. ಚೂರು ಜೇಬಿಗೆ ಹಾಕಿಕೊಂಡ. ಹೊಸ ಫಾರಂ ಕೇಳಲಿಲ್ಲ, ಹೊರಟುಹೋದ."

ಇಷ್ಟೇ. ಅವನು ಬೇಸರದಲ್ಲಿದ್ದ ಅಂತ ನಾನು ಬರೆದಿಲ್ಲ, ಯಾಕೆಂದರೆ ಅದು ನನಗೆ ಗೊತ್ತಿಲ್ಲ. ಬರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ಇದರೊಳಗಿಂದ ಪ್ರಶ್ನೆ ಹುಟ್ಟುತ್ತದೆ. ಒಂದು, ಯಾವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು? ಎರಡು, ಬುಟ್ಟಿ ಪಕ್ಕದಲ್ಲೇ ಇರುವಾಗ ಚೂರುಗಳನ್ನು ಯಾಕೆ ಜೇಬಿಗೆ ಹಾಕಿಕೊಂಡ? ಮೊದಲನೆಯದಕ್ಕೆ ಬೇಗ ಉತ್ತರ ಸಿಕ್ಕಿತು: ನಾಮಿನಿ ಕಾಲಂ. ತನ್ನ ನಂತರ ಈ ದುಡ್ಡು ಯಾರಿಗೆ ಅನ್ನುವ ಜಾಗ. ಎರಡನೆಯದು ಸುಲಭವಿರಲಿಲ್ಲ. ಬ್ಯಾಂಕಿನಲ್ಲಿ ಯಾರಾದರೂ ನೋಡಿಯಾರು ಎಂಬ ಭಯವೇ? ಅದು ಸಪ್ಪೆ ಅನ್ನಿಸಿತು. ಚೀಟಿಯಲ್ಲಿ ಬರೆದು ಇಟ್ಟುಕೊಂಡೆ. ಕೆಲವು ದಿನ ಕಳೆದ ಮೇಲೆ ಒಗೆಯುವ ಬಟ್ಟೆ ತೆಗೆದು, ಮೆಷಿನ್ನಿಗೆ ಹಾಕುವ ಮುಂಚೆ ಎಲ್ಲರ ಜೇಬು ನೋಡುತ್ತಿದ್ದೆ, ದಿನಾ ಮಾಡುವ ಕೆಲಸವೇ. ಕೈ ಜೇಬಿನೊಳಗಿರುವಾಗಲೇ ಹೊಳೆಯಿತು. ಅವನ ಮನೆಯಲ್ಲೂ ಯಾರೋ ಹೀಗೆ ಜೇಬು ನೋಡುತ್ತಾರೆ. ಅದು ಅವನಿಗೆ ಗೊತ್ತು. ಬಾಯಿಬಿಟ್ಟು ಹೇಳಲಾಗದ ಮಾತನ್ನು ಅವನು ಒಗೆಯುವ ಬಟ್ಟೆಯಲ್ಲಿ ಇಟ್ಟು ಕಳಿಸುತ್ತಿದ್ದಾನೆ.

ನಿಜವಾಗಿ ಬ್ಯಾಂಕಿಗೆ ಬಂದಿದ್ದ ಆ ಮನುಷ್ಯನ ಕಾರಣ ಬೇರೆಯೇ ಇರಬಹುದು. ಅದು ಮುಖ್ಯವಲ್ಲ. ನನಗೆ ಒಬ್ಬ ತಂದೆ ಸಿಕ್ಕಿದ, ಜೇಬು ನೋಡುವ ಸೊಸೆ ಸಿಕ್ಕಿದಳು, ಒಂದು ಮನೆಯ ಮೌನ ಸಿಕ್ಕಿತು.

ಇನ್ನು ಅದನ್ನು ಬರೆಯುವುದು. ಮನಸ್ಸಿಗೆ ಮೊದಲು ಬರುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: "ಯಾರ ಹೆಸರು ಬರೆಯಬೇಕೆಂದು ತಿಳಿಯದೆ ಅವರ ಮನಸ್ಸು ನೋವಿನಿಂದ ತುಂಬಿಹೋಯಿತು." ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಓದುವವರಿಗೆ ನೋಡಲು ಏನೂ ಇಲ್ಲ. ನೋವು ಅಂತ ನಾವು ಹೇಳಿಬಿಟ್ಟೆವು, ಅವರು ನಂಬಬೇಕು ಅಷ್ಟೇ. ಇದನ್ನು ಹೀಗೆ ಬರೆದು ನೋಡಿ:

"ನಾಮಿನಿ ಅನ್ನುವ ಕಡೆ ಪೆನ್ನು ನಿಂತಿತು. ಪಕ್ಕದಲ್ಲಿ ಇನ್ನೊಂದು ಚೌಕವಿತ್ತು, ಸಂಬಂಧ ಅಂತ. ಅವರು ಅದನ್ನೇ ಮೊದಲು ತುಂಬಿದರು. ಮಗ. ಹೆಸರಿನ ಜಾಗ ಖಾಲಿ ಉಳಿಯಿತು."

ಮಕ್ಕಳು ಇಬ್ಬರಿದ್ದಾರೆ ಅಂತ ಎಲ್ಲೂ ಹೇಳಿಲ್ಲ, ಆದರೂ ಗೊತ್ತಾಗುತ್ತದೆ. ನೋವು ಎನ್ನುವ ಪದವೂ ಇಲ್ಲ. ಒಂದು ಫಾರಮ್ಮಿನ ಎರಡು ಚೌಕ ಸಾಕಾಯಿತು. ನಿಮ್ಮ ಪುಟದಲ್ಲಿ ನೋವು, ಸಂತೋಷ, ಕೋಪ, ಗೊಂದಲ ಅಂತ ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಪ್ರತಿಯೊಂದನ್ನೂ ತೆಗೆಯಬೇಕಿಲ್ಲ. ಆದರೆ ಅಲ್ಲಿ ಆ ಮನುಷ್ಯನ ಕೈ ಏನು ಮಾಡುತ್ತಿತ್ತು ಅಂತ ಕೇಳಿಕೊಳ್ಳಿ. ಸಾಕಷ್ಟು ಕಡೆ ಪದ ತಾನಾಗಿಯೇ ಬಿದ್ದುಹೋಗುತ್ತದೆ.

ಮಾತುಕತೆ ಬರೆಯುವಾಗ ಒಂದೇ ನಿಯಮ: ಜೋರಾಗಿ ಓದಿ. ಗಂಡ ಹೆಂಡತಿ ಜಗಳವಾಡುವಾಗ ಭಾಷಣ ಮಾಡುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಡುವುದಿಲ್ಲ, ಇನ್ನೇನೋ ಹೇಳುತ್ತಾರೆ. ಯಾವಾಗಲೂ 'ನೀವು' ಅನ್ನುತ್ತಿದ್ದವಳು ಜಗಳದ ನಡುವೆ ಒಮ್ಮೆ 'ನೀನು' ಅಂದುಬಿಟ್ಟರೆ ಅಲ್ಲಿ ಇಬ್ಬರೂ ಸುಮ್ಮನಾಗುತ್ತಾರೆ, ಅದನ್ನು ವಿವರಿಸುವ ಅಗತ್ಯವೇ ಇಲ್ಲ.

ಬೇರೆಯವರ ಬದುಕು

ಇದನ್ನು ಹೇಳದೆ ಮುಂದೆ ಹೋಗಲಾರೆ. ದಿನನಿತ್ಯದಿಂದ ಬರೆಯುತ್ತೇವೆ ಅಂದರೆ ನಮ್ಮ ಸುತ್ತ ಇರುವವರಿಂದ ಬರೆಯುತ್ತೇವೆ ಅಂತಲೇ ಅರ್ಥ. ಅವರು ನಮ್ಮನ್ನು ನಂಬಿ ಮಾತಾಡಿರುತ್ತಾರೆ. ಗೆಳತಿ ಅಳುತ್ತಾ ಹೇಳಿದ್ದನ್ನು ಎರಡನೇ ಅಧ್ಯಾಯದಲ್ಲಿ ಹಾಗೇ ಇಟ್ಟರೆ ಹೆಸರು ಬದಲಾಯಿಸಿದ್ದರಿಂದ ಏನೂ ಆಗುವುದಿಲ್ಲ, ಅವಳಿಗೆ ಗೊತ್ತಾಗುತ್ತದೆ, ಅವಳ ಮನೆಯವರಿಗೂ ಗೊತ್ತಾಗುತ್ತದೆ.

ನಾನು ಪಾಲಿಸುವ ಕ್ರಮ ಹೀಗಿದೆ. ಕಂಡದ್ದನ್ನು ಬಳಸುತ್ತೇನೆ, ಗುಟ್ಟಾಗಿ ಹೇಳಿದ್ದನ್ನು ಬಳಸುವುದಿಲ್ಲ. ಒಬ್ಬರಿಂದ ನಡಿಗೆ, ಇನ್ನೊಬ್ಬರಿಂದ ಮಾತಿನ ಧಾಟಿ, ಮೂರನೆಯವರಿಂದ ಕೆಲಸ, ಹೀಗೆ ಕೂಡಿಸುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಘಟನೆಯನ್ನು ಬಿಟ್ಟು ಅದರೊಳಗಿನ ಒತ್ತಡವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಗೆಳತಿಗೆ ಆದದ್ದು ಅಣ್ಣನಿಂದ ಮೋಸ ಅಂತಿಟ್ಟುಕೊಳ್ಳಿ. ನನಗೆ ಬೇಕಾದದ್ದು ಆಸ್ತಿಯ ವಿವರವಲ್ಲ, ಪ್ರೀತಿಸುವವರ ಮೇಲೆ ಕೇಸು ಹಾಕಬೇಕಾಗಿ ಬರುವ ಸಂಕಟ. ಅದನ್ನು ಬೇರೆ ವಯಸ್ಸಿನ, ಬೇರೆ ಕಸುಬಿನ, ಬೇರೆ ಸಂಬಂಧದ ಇಬ್ಬರ ನಡುವೆ ಇಟ್ಟರೆ ಕತೆಯೂ ಬೆಳೆಯುತ್ತದೆ. ಯಾಕೆಂದರೆ ನಡೆದದ್ದನ್ನೇ ಬರೆಯುವಾಗ "ಹಾಗೇ ಆಗಿದ್ದು" ಅನ್ನುವುದು ನಮ್ಮ ಕೈ ಕಟ್ಟಿಹಾಕುತ್ತದೆ. ಸ್ಥಳ ಬದಲಾದ ಕೂಡಲೇ ಕಲ್ಪನೆಗೆ ಕೆಲಸ ಸಿಗುತ್ತದೆ.

ಎಷ್ಟು ಬದಲಾಯಿಸಿದರೂ ಅನುಮಾನವಿದ್ದರೆ ಅವರನ್ನೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಒಂದು ಒಳ್ಳೆಯ ಅಧ್ಯಾಯ ಇನ್ನೊಮ್ಮೆ ಬಂದೀತು.

ಕೈ ನಿಂತಾಗ

ನಿಲ್ಲುತ್ತದೆ. ಎಲ್ಲರಿಗೂ ನಿಲ್ಲುತ್ತದೆ, ಹೆಚ್ಚಾಗಿ ಕಾದಂಬರಿಯ ಮೂರನೇ ಒಂದು ಭಾಗ ದಾಟಿದ ಮೇಲೆ. ಶುರುವಿನ ಹುಮ್ಮಸ್ಸು ಮುಗಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಆಗ ಹೊಸ ಕಾದಂಬರಿಯ ಐಡಿಯಾ ಬಹಳ ಚೆಂದವಾಗಿ ಕಾಣುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಎತ್ತಿಡಿ, ಕೈಯಲ್ಲಿರುವುದನ್ನು ಬಿಡಬೇಡಿ.

ಯಾಕೆ ನಿಂತಿತು ಅಂತ ಮೊದಲು ಪತ್ತೆ ಹಚ್ಚಿ. ನನ್ನ ಅನುಭವದಲ್ಲಿ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ನಿಮಗೆ ಸುಸ್ತಾಗಿದೆ, ಅದಕ್ಕೆ ನಿದ್ದೆಯೇ ಮದ್ದು, ಬೇರೇನೂ ಇಲ್ಲ. ಅಥವಾ ನಿಮಗೆ ಗೊತ್ತಿಲ್ಲದ ಲೋಕಕ್ಕೆ ಪಾತ್ರ ಹೋಗಿದೆ, ಅವನು ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾನೆ, ನೀವು ಪ್ರೆಸ್ಸಿನ ಒಳಗೆ ಕಾಲಿಟ್ಟಿಲ್ಲ. ಹೋಗಿ ನೋಡಿ ಬನ್ನಿ. ಅಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿ, ಕೈಗೆ ಯಾವ ಬಣ್ಣ ಅಂಟುತ್ತದೆ, ಮನೆಗೆ ಹೋದ ಮೇಲೂ ಕಿವಿಯಲ್ಲಿ ಯಾವ ಸದ್ದು ಉಳಿಯುತ್ತದೆ ಅಂತ ಕೇಳಿ. ಒಂದು ಮಧ್ಯಾಹ್ನ ಅಲ್ಲಿ ಕಳೆದರೆ ಎರಡು ಅಧ್ಯಾಯಕ್ಕೆ ಆಗುವಷ್ಟು ಸಿಗುತ್ತದೆ. ಮೂರನೆಯದು ಸೂಕ್ಷ್ಮ. ಪಾತ್ರಕ್ಕೆ ಇಷ್ಟವಿಲ್ಲದ್ದನ್ನು ನೀವು ಅವಳಿಂದ ಮಾಡಿಸುತ್ತಿದ್ದೀರಿ. ಪ್ಲಾಟ್ ಪ್ರಕಾರ ಅವಳು ಆ ರಾತ್ರಿ ಮನೆ ಬಿಡಬೇಕು, ಆದರೆ ನೀವು ಬರೆದಿರುವ ಹೆಣ್ಣು ಮನೆ ಬಿಡುವವಳಲ್ಲ. ಹೀಗಿದ್ದಾಗ ಒಂದು ದಿನ ಕಾದಂಬರಿ ಬದಿಗಿಟ್ಟು, ಅವಳೇ ನಿಮಗೆ ಕಾಗದ ಬರೆದಂತೆ ಒಂದು ಪುಟ ಬರೆಯಿರಿ. ನೀನು ನನ್ನನ್ನು ತಪ್ಪು ತಿಳಿದಿದ್ದೀಯ ಅಂತ ಶುರು ಮಾಡಿ. ಈ ಪುಟ ಪುಸ್ತಕದಲ್ಲಿ ಬರುವುದಿಲ್ಲ, ಆದರೆ ಪ್ಲಾಟ್ ಎಲ್ಲಿ ಬದಲಾಗಬೇಕು ಅಂತ ಹೇಳುತ್ತದೆ. ಪ್ಲಾಟನ್ನೇ ಬದಲಾಯಿಸಿ, ಅವಳನ್ನಲ್ಲ.

ನಡೆಯುವುದರಿಂದ ನಿಜಕ್ಕೂ ಉಪಯೋಗವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೂತವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಐಡಿಯಾಗಳು ಜಾಸ್ತಿ ಹೊಳೆದವು. ಹೊರಗೆ ಹೋಗಬೇಕು ಅಂತಲೂ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದಾಗಲೂ ಹಾಗೇ ಆಯಿತು. ಆದರೆ ಒಂದೇ ಸರಿಯುತ್ತರ ಇರುವ ಸಮಸ್ಯೆಗಳಲ್ಲಿ ನಡಿಗೆ ಸಹಾಯ ಮಾಡಲಿಲ್ಲ. ಇದನ್ನು ನಮಗೆ ಹೀಗೆ ಹೊಂದಿಸಿಕೊಳ್ಳಬಹುದು. ಮುಂದೇನು ಬರೆಯಬಹುದು ಅಂತ ಹುಡುಕುವಾಗ ನಡೆಯಿರಿ, ವಾಕ್ಯ ತಿದ್ದುವಾಗ ಕೂತುಕೊಳ್ಳಿ. ನಡೆಯುವಾಗ ಕಿವಿಯಲ್ಲಿ ಹಾಡು ಬೇಡ. ಪಾತ್ರೆ ತೊಳೆಯುವಾಗಲೂ ಅಷ್ಟೇ, ಫೋನಿನಲ್ಲಿ ವಿಡಿಯೋ ಓಡುತ್ತಿದ್ದರೆ ನಿಮ್ಮ ಪ್ರಶ್ನೆಗೆ ತಲೆಯಲ್ಲಿ ಜಾಗ ಎಲ್ಲಿರುತ್ತದೆ? ದಿನದ ಎಲ್ಲ ಖಾಲಿ ಹೊತ್ತನ್ನೂ ಫೋನಿಗೆ ಕೊಟ್ಟು ಸ್ಫೂರ್ತಿ ಬರಲಿಲ್ಲ ಅಂದರೆ ಅದು ನ್ಯಾಯವಲ್ಲ. ಒಂದು ಕೆಲಸವನ್ನಾದರೂ ಫೋನಿಲ್ಲದೆ ಮಾಡಿ.

ಅದೇ ಫೋನು ಇನ್ನೊಂದು ರೀತಿಯಲ್ಲಿ ಉಪಕಾರಿ. ಕನ್ನಡದಲ್ಲಿ ಹೇಳಿದ್ದನ್ನು ಅದು ಟೈಪ್ ಮಾಡಿಕೊಳ್ಳುತ್ತದೆ. ಕೈ ಬಿಡುವಿಲ್ಲದಾಗ, ಕಣ್ಣು ಸೋತಾಗ ಬಾಯಲ್ಲಿ ಹೇಳಿ. ತಪ್ಪುಗಳಾಗುತ್ತವೆ, ಪೂರ್ಣವಿರಾಮ ಆಮೇಲೆ ಹಾಕಿಕೊಳ್ಳಬೇಕಾಗುತ್ತದೆ, ಅದೇ ದಿನ ಕೂತು ಸರಿಮಾಡದಿದ್ದರೆ ನಾವೇನು ಹೇಳಿದ್ದೆವು ಅಂತ ನಮಗೇ ಗೊತ್ತಾಗುವುದಿಲ್ಲ. ಆದರೂ ಬಾಯಿಮಾತಿನ ಲಯ ಉಳಿಯುತ್ತದೆ. 1866ರಲ್ಲಿ ಒಂದು ಕಟ್ಟುನಿಟ್ಟಿನ ಒಪ್ಪಂದಕ್ಕೆ ಸಿಕ್ಕಿಬಿದ್ದ ರಷ್ಯಾದ ಕಾದಂಬರಿಕಾರ ದೊಸ್ತೊಯೆವ್‌ಸ್ಕಿ 26 ದಿನದಲ್ಲಿ ಒಂದಿಡೀ ಕಾದಂಬರಿಯನ್ನು ಅನ್ನಾ ಎಂಬ ಸ್ಟೆನೋಗ್ರಾಫರ್‌ಗೆ ಹೇಳಿ ಬರೆಸಿದರು. ಆದರೆ ಬರಿಗೈಯಲ್ಲಿ ಹೇಳುತ್ತಿರಲಿಲ್ಲ. ರಾತ್ರಿ ಕೂತು ತಯಾರಿ ಮಾಡಿಕೊಂಡು ಹಗಲಲ್ಲಿ ಹೇಳುತ್ತಿದ್ದರು. ನೀವೂ ಹೇಳಲು ಶುರು ಮಾಡುವ ಮುಂಚೆ ನಾಲ್ಕು ಸಾಲು ಗುರುತು ಹಾಕಿಕೊಳ್ಳಿ.

ಮೊದಲ ಕರಡು ಮುಗಿದ ಮೇಲೆ

ಎತ್ತಿಡಿ. ಒಂದು ತಿಂಗಳಾದರೂ ಮುಟ್ಟಬೇಡಿ. ಆ ಸಮಯದಲ್ಲಿ ಬೇರೆಯವರ ಕಾದಂಬರಿಗಳನ್ನು ಓದಿ, ನಿದ್ದೆ ಮಾಡಿ, ಇಷ್ಟು ದಿನ ಕೈಬಿಟ್ಟಿದ್ದ ಗೆಳೆಯರನ್ನು ನೋಡಿ ಬನ್ನಿ. ಆಮೇಲೆ ಪ್ರಿಂಟ್ ತೆಗೆದು, ಪೆನ್ ಹಿಡಿಯದೆ, ಮೊದಲಿಂದ ಕೊನೆವರೆಗೆ ಒಂದು ಸಲ ಓದಿ. ಪರದೆಯ ಮೇಲೆ ಕಾಣದ ಎಷ್ಟೋ ತಪ್ಪುಗಳು ಹಾಳೆಯ ಮೇಲೆ ಕಾಣುತ್ತವೆ. ಎರಡನೇ ಸಲ ಪೆನ್ ಹಿಡಿಯಿರಿ.

ಮೊದಲು ದೊಡ್ಡದನ್ನು ನೋಡಿ. ಬೇಡದ ಅಧ್ಯಾಯ, ಒಂದೇ ಕೆಲಸ ಮಾಡುವ ಎರಡು ಪಾತ್ರ, ಕತೆ ನಿಜವಾಗಿ ಶುರುವಾಗುವ ಪುಟ. ನಿಜವಾದ ಶುರು ಎಷ್ಟೋ ಸಲ ಮೂರನೇ ಅಧ್ಯಾಯದಲ್ಲಿರುತ್ತದೆ, ಮೊದಲೆರಡು ಅಧ್ಯಾಯ ನಾವು ಆ ಲೋಕಕ್ಕೆ ಒಗ್ಗಿಕೊಳ್ಳಲು ಬರೆದುಕೊಂಡದ್ದು. ವಾಕ್ಯಗಳ ಸರದಿ ಆಮೇಲೆ. ಅಧ್ಯಾಯವೇ ಹೋಗುವುದಿದ್ದರೆ ಅದರೊಳಗಿನ ವಾಕ್ಯ ತಿದ್ದಿ ಏನು ಬಂತು? ಎಷ್ಟು ಸಲ ತಿದ್ದಬೇಕು ಅನ್ನುವುದಕ್ಕೆ ಅಳತೆ ಇಲ್ಲ. ಹೆಮಿಂಗ್ವೇ ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಅಂತ ಅದೇ ಸಂದರ್ಶನದಲ್ಲಿ ಹೇಳಿದ್ದಾರೆ.

ಆಮೇಲೆ ಇಬ್ಬರಿಗೋ ಮೂವರಿಗೋ ಓದಲು ಕೊಡಿ. ಅವರಲ್ಲಿ ಒಬ್ಬರಾದರೂ ಬರೆಯದವರಿರಲಿ, ಸುಮ್ನೆ ಖುಷಿಗೆ ಕಾದಂಬರಿ ಓದುವವರು. "ಹೇಗಿದೆ?" ಅಂತ ಕೇಳಬೇಡಿ. ಪ್ರೀತಿಯಿರುವವರು ಚೆನ್ನಾಗಿದೆ ಅನ್ನುತ್ತಾರೆ, ಅದರಿಂದ ಕಾದಂಬರಿಗೆ ಏನೂ ಸಿಗುವುದಿಲ್ಲ. ಒಂದು ಪೆನ್ಸಿಲ್ ಜೊತೆಗೆ ಕೊಟ್ಟು ಎರಡೇ ಕೆಲಸ ಹೇಳಿ. ಓದು ನಿಲ್ಲಿಸಿ ಎದ್ದುಹೋಗಬೇಕು ಅನ್ನಿಸಿದ ಕಡೆ ಒಂದು ಗೆರೆ. ಇದು ಯಾರು, ಇದು ಯಾವಾಗ ಆಯಿತು ಅಂತ ಹಿಂದಿನ ಪುಟ ತಿರುವಬೇಕಾಗಿ ಬಂದ ಕಡೆ ಒಂದು ಸೊನ್ನೆ. ಇಬ್ಬರು ಒಂದೇ ಜಾಗದಲ್ಲಿ ಗೆರೆ ಎಳೆದಿದ್ದರೆ ವಾದ ಮಾಡದೆ ಆ ಪುಟ ತೆಗೆದುಕೊಂಡು ಕೂರಿ. ಗೆರೆ ಇರುವ ಕಡೆ ಸಾಮಾನ್ಯವಾಗಿ ತೆಗೆಯಬೇಕಾದದ್ದು ಇರುತ್ತದೆ, ಸೊನ್ನೆ ಇರುವ ಕಡೆ ಸೇರಿಸಬೇಕಾದದ್ದು.